ನಾಲ್ಕು ಗಂಟೆಗೆ ಅಂದೆ

ಬಟ್ಟೆ ಹೊಲಿಯುವವರ ಮಾತನ್ನು ಯಾರೂ ನಂಬುವುದಿಲ್ಲ. ನಾಳೆ ಅಂದರೆ ಮುಂದಿನ ವಾರ. ನಾನು ಹಾಗಲ್ಲ. ಐದಕ್ಕೆ ಅಂದರೆ ಐದಕ್ಕೆ ಗುಂಡಿ ಹಾಕಿ, ಮಡಚಿ ಇಟ್ಟಿರುತ್ತೇನೆ. ಇಪ್ಪತ್ತು ವರ್ಷದಲ್ಲಿ ನಾನು ತಪ್ಪು ಹೊತ್ತು ಹೇಳಿದ್ದು ಒಬ್ಬಳಿಗೇ, ನನ್ನ ಸ್ವಂತ ತಂಗಿಗೆ.

ಅಮ್ಮ ಬೆಳಗಿನ ಆರಕ್ಕೆ ತೀರಿಕೊಂಡಳು. ಸೋದರಮಾವ ಬಂದವರೇ ವ್ಯಾನಿನವನ ಹತ್ತಿರ ಮಾತಾಡಿ, ಒಂದು ಗಂಟೆಗೆ ಎತ್ತುವುದು ಅಂತ ನಿಶ್ಚಯ ಮಾಡಿದರು. ಎಂಟಕ್ಕೆ ನಾನು ತಂಗಿಗೆ ಫೋನ್ ಮಾಡಿದೆ. ಅವಳ ಊರು ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಬಿಕ್ಕುತ್ತಲೇ ಕೇಳಿದಳು, "ಎಷ್ಟು ಹೊತ್ತಿಗಕ್ಕಾ?"

ಎರಡು ವರ್ಷ ಅಮ್ಮನ ಹೇಲು ಉಚ್ಚೆ ಬಳಿದವಳು ನಾನು. ಇವಳು ವಾರಕ್ಕೊಂದು ಫೋನ್ ಮಾಡಿ ಒಳ್ಳೆಯವಳು ಅನ್ನಿಸಿಕೊಂಡಳು. ಅಮ್ಮನಿಗೋ, ಬಾಯಿ ಬಿಟ್ಟರೆ ಅವಳದೇ ಜಪ. "ಚಿಕ್ಕವಳು ಇಲ್ಲಿದ್ದಿದ್ರೆ ನನ್ನ ತಲೆ ಎಷ್ಟು ಮೆತ್ತಗೆ ಬಾಚ್ತಿದ್ಳು!" ಕೇಳಿ ಕೇಳಿ ಮೈಯೆಲ್ಲ ಉರಿಯುತ್ತಿತ್ತು. ಈಗ ಬಂದು ನಾಲ್ಕು ಜನರ ಮುಂದೆ ಗೋಳೋ ಅಂತ ಅತ್ತು ಹೆಸರು ತಗೊಂಡು ಹೋಗಲಿಕ್ಕಾ?

"ನಾಲ್ಕು ಗಂಟೆಗೆ. ಅವಸರ ಮಾಡ್ಬೇಡ" ಅಂದೆ.

"ಹಾಗಾದ್ರೆ ಮಗಳ ಪರೀಕ್ಷೆ ಮುಗಿಸ್ಕೊಂಡು ಕರ್ಕೊಂಡೇ ಬರ್ತೀನಿ. ಅಜ್ಜೀನ ಒಂದ್ಸಲ ನೋಡ್ಲಿ."

ಆಗಲಾದರೂ ಸರಿಮಾಡಬಹುದಿತ್ತು. ಫೋನ್ ಇಟ್ಟೆ.

ಒಂದು ಗಂಟೆಗೆ ಮಾವ ಬಾಗಿಲಲ್ಲಿ ನಿಂತು, "ಚಿಕ್ಕವಳಿಗೆ ಇನ್ನರ್ಧ ಗಂಟೆ ಕಾಯೋಣ್ವೇನೇ? ವ್ಯಾನಿನವನಿಗೆ ನಾನ್ ಹೇಳ್ತೀನಿ" ಅಂದರು.

"ಬರಲ್ಲ ಅಂದ್ಲು ಮಾವ. ಎತ್ತಿ."

ಎಲ್ಲ ಮುಗಿಸಿ ಮನೆಗೆ ಬಂದು, ಅಮ್ಮನ ಹಾಸಿಗೆ ಸುತ್ತಿಟ್ಟು ನೆಲ ಒರೆಸುತ್ತಿದ್ದೆ. ಮೂರಕ್ಕೆ ತಂಗಿ ಬಂದಳು. ಒಂದು ಕೈಯಲ್ಲಿ ಮಗಳು, ಇನ್ನೊಂದರಲ್ಲಿ ಬಾಚಣಿಗೆ.

"ಒಂದ್ಗಂಟೆ ಮುಂಚೇನೇ ಬಂದೆ ಅಕ್ಕಾ, ಅಮ್ಮನ ತಲೆ ಬಾಚೋಣ ಅಂತ."

ಮಗು ಖಾಲಿ ಮಂಚ ನೋಡಿ, "ಅಜ್ಜಿ ಎಲ್ಲಿ ದೊಡ್ಡಮ್ಮಾ?" ಅಂತು.

"ವ್ಯಾನಿನವನು ಬೇಗ ಬಂದ್ಬಿಟ್ಟ ಕಣೇ" ಅಂದೆ, ಒರೆಸುವ ಬಟ್ಟೆ ಹಿಂಡುತ್ತಾ.

ತಂಗಿ ಒದ್ದೆ ನೆಲದ ಮೇಲೇ ಕುಸಿದಳು. ಸ್ವಲ್ಪ ಹೊತ್ತು ಅತ್ತು, ಆಮೇಲೆ ನನ್ನ ಬೆನ್ನು ಸವರಿದಳು. "ಹೋಗ್ಲಿ ಬಿಡಕ್ಕಾ. ನೀನೊಬ್ಳೇ ಎಷ್ಟು ಒದ್ದಾಡಿದ್ಯೋ ಏನೋ." ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಅಷ್ಟರಲ್ಲಿ ಮಾವ ಒಳಗೆ ಬಂದರು. "ಅರೆ! ಬರಲ್ಲ ಅಂದ್ಯಂತಲ್ಲಾ ನೀನು?"

ತಂಗಿ ನನ್ನ ಮುಖ ನೋಡಿದಳು. ಬೆನ್ನ ಮೇಲಿದ್ದ ಕೈ ತೆಗೆದಳು.

"ಹೌದು ಮಾವ. ಮೊದ್ಲು ಹಾಗೇ ಅಂದಿದ್ದೆ. ಆಮೇಲೆ ಮನಸ್ಸು ತಡೀಲಿಲ್ಲ."

"ಚೆನ್ನಾಗಿದೆ! ಹೆತ್ತ ತಾಯಿಗಿಂತ ಹೆಚ್ಚಿನ ಕೆಲಸ ಏನಿತ್ತೇ ನಿಂಗೆ? ಅಕ್ಕನ್ನ ನೋಡಿ ಕಲಿ!" ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯವರ ಎದುರೇ ಬೈದರು. ಅವಳು ತಲೆ ತಗ್ಗಿಸಿ ಬೈಸಿಕೊಂಡಳು. ನಾನು ಬಗ್ಗಿ ನೆಲ ಒರೆಸುತ್ತಲೇ ಇದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಮಾವ ಹೊರಗೆ ಹೋದ ಮೇಲೆ ಅವಳು ಕೇಳಿದ್ದು ಒಂದೇ ಮಾತು.

"ತಲೆ ಬಾಚಿ ಕಳಿಸ್ದ್ಯಾ?"

ಎಲ್ಲಿ ಇವಳು ಬೇಗ ಬಂದುಬಿಡುತ್ತಾಳೋ ಅನ್ನುವ ಗಡಿಬಿಡಿಯಲ್ಲಿ ಅಮ್ಮನ ಕೂದಲು ಮುಟ್ಟಿಯೂ ಇರಲಿಲ್ಲ.

"ಇಲ್ಲ" ಅಂದೆ.

ಅವಳು ಬಾಚಣಿಗೆಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ಮಗಳಿಗೆ, ಚಪ್ಪಲಿ ಹಾಕ್ಕೋ ಪುಟ್ಟಾ, ಅಂದಳು.