ಪಂಡರಿಯ ಕುಡುಗೋಲಿಗೆ ಐದು ಪುಟದ ಚರಿತ್ರೆ

ಚುನಾವಣೆ ಬಂತೆಂದರೆ ಸರ್ಕಾರಕ್ಕೆ ನಮ್ಮ ಕಡೆಯ ತುಂಡು ಕಬ್ಬಿಣವೂ ಕಣ್ಣಿಗೆ ಬೀಳುತ್ತದೆ. ದುಬಲಗುಂಡಿಯ ಪಂಡರಿ ಹುಮನಾಬಾದಿನಲ್ಲಿ ಕುಡುಗೋಲು ಹರಿತ ಮಾಡಿಸಿಕೊಂಡು ಊರಿಗೆ ಹೊರಟಿದ್ದ. ಪೊಲೀಸರು ಬಸ್ ತಡೆದು ಅದನ್ನು ಕಸಿದುಕೊಂಡರು. ಆಯುಧ ಒಯ್ಯುವುದಕ್ಕೆ ನಿಷೇಧವಂತೆ. ಬೇಸಿಗೆಯಲ್ಲಿ ನೆಲದ ಮೇಲೆ ಹುಲ್ಲೆಲ್ಲಿದೆ? ಆ ಕುಡುಗೋಲನ್ನು ಉದ್ದನೆಯ ಬಿದಿರಿನ ಗಳುವಿಗೆ ಕಟ್ಟಿ ಜಾಲಿಯ ಟೊಂಗೆ ಕಡಿದು ಹಾಕಿದರಷ್ಟೇ ಅವನ ಹನ್ನೆರಡು ಆಡುಗಳಿಗೆ ಮೇವು.

"ಇದು ಹತ್ಯಾರ ಅಲ್ರಿ ಸಾಹೇಬ್ರ, ಆಡಿನ ಊಟದ ಸಾಮಾನ್ರಿ," ಎಂದ ಪಂಡರಿ ಠಾಣೆಯಲ್ಲಿ.

ಫೌಜದಾರರು ಒಳ್ಳೆಯವರೇ. "ಒಕ್ಕಲುತನದ ಸಾಮಾನಿಗಿ ರಿಯಾಯಿತಿ ಅದ. ಆಡು ಮೇಯಿಸ್ತೀನಂತ ಒಂದು ಅರ್ಜಿ ಕೊಡು, ಈಗೇ ಒಯ್ಯು," ಎಂದರು.

ಎರಡು ಸಾಲಿನ ಕೆಲಸ. ಓದುಬರಹ ಬಾರದ ಪಂಡರಿಯ ಅದೃಷ್ಟ ನೋಡಿ, ಎದುರಿನ ಹೋಟೆಲಿನಲ್ಲೇ ಬಸವಕಲ್ಯಾಣದ ವಕೀಲ ಅಶೋಕಕುಮಾರರು ಚಹಾ ಕುಡಿಯುತ್ತಿದ್ದರು. ಅರ್ಜಿ ಬರೆದುಕೊಡಲು ಅವರೇ ಪೆನ್ನು ತೆಗೆದರು. ಅವರಿಗೆ ಚರಿತ್ರೆಯ ಚಟ.

"ಆಡಿಂದಷ್ಟೇ ಬರೀರಿ, ಸಾಕ್ರಿ," ಎಂದ ಪಂಡರಿ.

"ನೀ ಸುಮ್ಕ ಕೂಡೋ. ಇದು ನಿನ್ನ ಹಕ್ಕಿನ ಸವಾಲದ!"

ಅರ್ಜಿ ಐದು ಪುಟವಾಯಿತು. ಮೊದಲು ಚಾಲುಕ್ಯರ ಕತ್ತಿಗಳು. ಆಮೇಲೆ ೧೮೭೮ರ ಬ್ರಿಟಿಷ್ ಆಯುಧ ಕಾನೂನು: ಬಿಳಿಯರಿಗೆ ಲೈಸೆನ್ಸಿನ ಉಸಾಬರಿಯಿಲ್ಲ, ನಮ್ಮವರಿಗೆ ಮಾತ್ರ. ಆಗ ಈ ಸೀಮೆ ನಿಜಾಮನ ಕೈಯಲ್ಲಿತ್ತು ನಿಜ, ಆದರೆ ಅಷ್ಟು ಸಣ್ಣ ಮಾತಿಗೆ ವಕೀಲರ ಓಘವನ್ನು ತಡೆಯುವವರಾರು? ನಿಜಾಮನಿಗೂ ಒಂದೂವರೆ ಪುಟ ಸಿಕ್ಕಿತು. ಕೊನೆಗೆ, "ಪೂರ್ವಜರ ಈ ವೀರಾಯುಧವನ್ನು ಧರಿಸುವ ಜನ್ಮಸಿದ್ಧ ಹಕ್ಕು ಅರ್ಜಿದಾರನಿಗಿದೆ." ಆಡಿನ ಸುದ್ದಿ ಎಲ್ಲೂ ಇರಲಿಲ್ಲ. ಪಂಡರಿ ಹೆಬ್ಬೆಟ್ಟು ಒತ್ತಿದ.

ಫೌಜದಾರರು ಓದಿ ತಲೆ ಕೆರೆದುಕೊಂಡರು. "ಆಯುಧ ಅಂತ ನೀನೇ ಬರಕೊಟ್ಟಿ. ಇನ್ನ ನಾ ಹ್ಯಾಂಗ ಬಿಡ್ಲಿ?" ಕುಡುಗೋಲಿಗೆ ಅರಗಿನ ಮುದ್ರೆ ಬಿತ್ತು.

"ಹೈಕೋರ್ಟಿನ ತನಕ ಒಯ್ಯೋಣು!" ಎಂದು ವಕೀಲರು ಸಂತೋಷದಿಂದ ಅರ್ಜಿಯ ನಕಲನ್ನು ಪಂಡರಿಯ ಕೈಗಿಟ್ಟರು.

ಸುದ್ದಿ ಅವನಿಗಿಂತ ಮೊದಲೇ ಊರು ಸೇರಿತ್ತು. ಪೊಲೀಸರ ಹೆದರಿಕೆಗೆ ಯಾರೂ ತಮ್ಮ ಕುಡುಗೋಲು ಹೊರಗೆ ತೆಗೆಯಲಿಲ್ಲ. ದೊಡ್ಡಿಯಲ್ಲಿ ಆಡುಗಳು ಬೆಳಗಿನಿಂದ ಒದರುತ್ತಿದ್ದವು. ಬರಿಗೈಲಿ ಬಂದ ಗಂಡನನ್ನು ನೋಡಿ ಜಿಜಾಬಾಯಿಗೆ ಅಳು ಬಂತು, ಸಿಟ್ಟೂ ಬಂತು. ಅವನ ಕೈಯಲ್ಲಿದ್ದ ಕಾಗದ ಕಸಿದು ಹಿರಿಯಾಡಿನ ಮುಂದೆ ಎಸೆದಳು. ಅದು ಚಾಲುಕ್ಯರನ್ನು ಒಂದೇ ತುತ್ತಿಗೆ ಮುಗಿಸಿತು. ಬ್ರಿಟಿಷರೂ ನಿಜಾಮನೂ ಬಹಳ ಹೊತ್ತು ತಡೆಯಲಿಲ್ಲ.

"ಐದೇ ಹಾಳಿ ಏನ?" ಎಂದಳು ಜಿಜಾಬಾಯಿ. "ಇನ್ನ ಹನ್ನೊಂದು ನಿಂತಾವ. ಅವಕ್ಕ ಏನ ಹಾಕ್ಲಿ?"