ರಾಗಿ ಹೊಲದ ಐದನೆಯ ತಟ್ಟೆ

ಯೋಗಾನಂದರ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟದ್ದು 2007ರ ನವೆಂಬರ್ ಆರರಂದು. ಅವರು ಬರೆಯಬೇಕಿದ್ದ ಉಪನ್ಯಾಸಕರ ನೇಮಕಾತಿ ಪರೀಕ್ಷೆ ಇದ್ದದ್ದು ಹದಿನೆಂಟರಂದು. ನಡುವೆ ಉಳಿದದ್ದು ಹನ್ನೊಂದು ದಿನ.

ಅವರು ರಾಮನಗರದ ಬಳಿಯ ಕೈಲಾಂಚದವರು, ಹುಟ್ಟಿನಿಂದ ಕಣ್ಣು ಕಾಣದವರು, ಕನ್ನಡ ಎಂ.ಎ. ಪದವೀಧರರು. ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ರಾಮನಗರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಅವರ ಯಂತ್ರದ ಯೋಗಕ್ಷೇಮವೂ ನನ್ನದಾಗಿತ್ತು. ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಸಾಫ್ಟ್‌ವೇರನ್ನು ಅವರು ಎರಡು ವರ್ಷಗಳ ಹಿಂದೆ ಪರವಾನಗಿ ಸಮೇತ ಕೊಂಡಿದ್ದರು. ಆ ದನಿಯನ್ನು ಕೇಳುತ್ತಲೇ ಸಾವಿರ ಪುಟಗಳಿಗೂ ಮಿಕ್ಕಿ ಟಿಪ್ಪಣಿ ಟೈಪು ಮಾಡಿಕೊಂಡಿದ್ದರು. ಟಿಪ್ಪಣಿಗಳ ನಕಲನ್ನು ನಾನು ಪ್ರತಿ ತಿಂಗಳ ಮೊದಲ ಭಾನುವಾರ ತಪ್ಪದೆ ತೆಗೆದಿಡುತ್ತಿದ್ದೆ. ಓದುವ ದನಿಯ ನಕಲನ್ನೂ ತೆಗೆದಿಡಬೇಕೆಂದು ಮಾತ್ರ ನನಗೆ ಹೊಳೆದಿರಲಿಲ್ಲ.

ಹೊಸ ಹಾರ್ಡ್ ಡಿಸ್ಕ್ ಹಾಕಿದೆ. ಟಿಪ್ಪಣಿಗಳನ್ನು ತುಂಬಿದೆ. ಸಾಫ್ಟ್‌ವೇರಿನ ಸಿ.ಡಿ. ಕೇಳಿದಾಗ, ಅದು ಟ್ರಂಕಿನಲ್ಲಿದೆ ಎಂದರು. ಟ್ರಂಕಿನಲ್ಲಿ ಪರವಾನಗಿಯ ಕಾಗದವಿತ್ತು, ಕ್ರಮಸಂಖ್ಯೆಯಿತ್ತು, ಸಿ.ಡಿ.ಯ ಖಾಲಿ ಡಬ್ಬಿಯೂ ಇತ್ತು. ಸಿ.ಡಿ. ಇರಲಿಲ್ಲ.

ನನಗೆ ಆತಂಕವಾಗಲಿಲ್ಲ. ಮಾಗಡಿಯ ಒಂದು ವಸತಿ ಶಾಲೆಯಲ್ಲಿ ಅದೇ ಸಾಫ್ಟ್‌ವೇರಿದೆ ಎಂದು ನನಗೆ ಗೊತ್ತಿತ್ತು. ಅಲ್ಲಿನ ಗುಮಾಸ್ತ ಗಂಗಯ್ಯನವರಿಗೆ ಫೋನು ಮಾಡಿದೆ. ಬಂದರೆ ಹತ್ತು ನಿಮಿಷದಲ್ಲಿ ನಕಲು ಮಾಡಿಕೊಂಡು ಹೋಗಬಹುದು ಎಂದರು. ಯೋಗಾನಂದರಿಗೆ ಹೇಳಿದೆ. ಅವರು ಪರವಾನಗಿಯ ಕಾಗದವನ್ನು ನನ್ನ ಕೈಗಿಟ್ಟರು.

"ನಮ್ಮತ್ರ ಲೈಸೆನ್ಸ್ ಐತೆ. ಅವ್ರತ್ರ ಸಿ.ಡಿ. ಐತೆ. ನಮ್ಮ ಲೈಸೆನ್ಸಿಗೆ ಅವ್ರ ಸಿ.ಡಿ. ತಕಬೋದಾ, ತಕಬಾರ್ದಾ? ಊಹೆ ಮಾಡ್ಬೇಡಿ ಮೇಡಂ, ಓದಿ ಹೇಳಿ."

ಇದನ್ನು ಯಾರು ಕೇಳುತ್ತಾರೆ, ನಿಮ್ಮನ್ನು ಯಾರೂ ತಪ್ಪು ಎನ್ನುವುದಿಲ್ಲ ಎಂದೆ.

"ಅದೇ ಕಣ್ರೀ. ಕಣ್ಣಿಲ್ದವ್ನು, ಓಗ್ಲಿ ಬುಡು ಅಂತಾರೆ. ಬಸ್ಸಲ್ಲೂ ಅದೇ, ಕಾಲೇಜಲ್ಲೂ ಅದೇ. ಈ ಒಂದ್ರಲ್ಲಿ ನಂಗೆ ಆ 'ಓಗ್ಲಿ ಬುಡು' ಬ್ಯಾಡ."

ಹೀಗಾಗಿ ನಾನು ಜೀವನದಲ್ಲಿ ಮೊದಲ ಬಾರಿಗೆ ಒಂದು ಪರವಾನಗಿಯನ್ನು ಪೂರ್ತಿ ಓದಿದೆ. ಅದಕ್ಕೆ ಹಿಂದೆ ಕನಿಷ್ಠ ಮುನ್ನೂರು ಸಲ 'ಒಪ್ಪಿದ್ದೇನೆ' ಎಂಬ ಗುಂಡಿ ಒತ್ತಿದ್ದೆ. ಏನನ್ನು ಒಪ್ಪಿದ್ದೆನೋ ಒಮ್ಮೆಯೂ ನೋಡಿರಲಿಲ್ಲ. ಎಂಟು ಪುಟಗಳನ್ನು ಅವರಿಗೆ ಗಟ್ಟಿಯಾಗಿ ಓದುತ್ತಾ ಹೋದೆ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ನನ್ನ ದನಿ ತಾನಾಗಿ ತಗ್ಗಿತ್ತು. ಕೊಂಡದ್ದು ಸಿ.ಡಿ. ಎಂಬ ತಟ್ಟೆಯನ್ನಲ್ಲ ಎಂದಿತ್ತು ಆ ಕಾಗದ. ತಟ್ಟೆ ಬರಿಯ ವಾಹನ. ಕೊಂಡದ್ದು ಬಳಸುವ ಅನುಮತಿಯನ್ನು. ತೂಕವಿಲ್ಲದ, ಆಕಾರವಿಲ್ಲದ, ಹಾರ್ಡ್ ಡಿಸ್ಕ್ ಸುಟ್ಟರೂ ಸುಡದ ಒಂದು ವಸ್ತು ಎರಡು ವರ್ಷಗಳಿಂದ ಕೈಲಾಂಚದ ಈ ಹೆಂಚಿನ ಮನೆಯಲ್ಲಿತ್ತು. ಅದು ಈಗಲೂ ಇಲ್ಲೇ, ಕಿಂಚಿತ್ತೂ ಕುಂದದೆ ಇದೆ ಎಂಬುದು ಆಗ ಅರಿವಾಯಿತು.

ಆದರೆ ಪ್ರಶ್ನೆಗೆ ಉತ್ತರ ಅಲ್ಲಿರಲಿಲ್ಲ. ಮರುದಿನ ರಾಮನಗರದ ವಕೀಲ ಕೃಷ್ಣಪ್ಪನವರ ಕಚೇರಿಗೆ ಹೋದೆ. ಅವರು ಕೃತಿಸ್ವಾಮ್ಯ ಕಾಯಿದೆಯ ತೆಳು ಪುಸ್ತಕ ತೆಗೆದು ಒಂದು ವಾಕ್ಯದ ಮೇಲೆ ಬೆರಳಿಟ್ಟರು. ನ್ಯಾಯವಾಗಿ ಪ್ರತಿಯನ್ನು ಹೊಂದಿದವನು, ಕಳೆದುಹೋಗುವ, ನಾಶವಾಗುವ, ಹಾಳಾಗುವ ಭಯಕ್ಕೆ ರಕ್ಷಣೆಯಾಗಿ ನಕಲು ಮಾಡಿಕೊಳ್ಳಬಹುದು; ಆದರೆ ಆ ಪ್ರತಿಯಿಂದ. ಎಂದರೆ ತನ್ನಲ್ಲಿರುವ ಪ್ರತಿಯಿಂದ. ಮಾಗಡಿಯ ತಟ್ಟೆ ಮಾಗಡಿಯವರ ಪ್ರತಿ. ಅದರಿಂದ ತೆಗೆದರೆ ಯಾರೂ ದಾವೆ ಹೂಡಲಿಕ್ಕಿಲ್ಲ, ಆದರೆ ಈ ವಾಕ್ಯದ ನೆರಳು ಅಲ್ಲಿಯವರೆಗೆ ಬೀಳುತ್ತದೆಂದು ತಾನು ಹೇಳಲಾರೆ, ಕಂಪನಿಯವರೇ ಬರೆದುಕೊಟ್ಟರೆ ಮಾತು ಬೇರೆ ಎಂದು ಕೃಷ್ಣಪ್ಪನವರು ಹೇಳಿದರು.

ಕಂಪನಿಗೆ ಫೋನು ಮಾಡಿದೆ. ಹಾಳಾದ ತಟ್ಟೆಯನ್ನು ಕಳುಹಿಸಿದರೆ ಬದಲಿ ತಟ್ಟೆ ಕೊಡುತ್ತಾರೆ, ಮೂರು ವಾರ ಹಿಡಿಯುತ್ತದೆ. ಬೇರೆಯವರ ತಟ್ಟೆಯಿಂದ ನಕಲು ಮಾಡಲು ಅನುಮತಿ ಕೊಡುವ ಅಧಿಕಾರಿ ರಜೆಯಲ್ಲಿದ್ದಾರೆ ಎಂಬ ಉತ್ತರ ಬಂತು. ಉಳಿದದ್ದು ಒಂಬತ್ತು ದಿನ.

ಹಾಗಾದರೆ ನಮ್ಮ ತಟ್ಟೆಯೇ ಸಿಗಬೇಕು ಎಂದು ಯೋಗಾನಂದರು ಹೇಳುವಾಗ, ಅವರ ತಾಯಿ ದೊಡ್ಡಲಕ್ಷ್ಮಮ್ಮ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ, ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದರು. ಮೂರು ದಿನದಿಂದ ನಾವು ಹುಡುಕುತ್ತಿದ್ದದ್ದು ಏನೆಂದು ಆಗ ಕೇಳಿದರು. ಗುಂಡಗೆ, ಹೊಳೆಯುವ ತಟ್ಟೆ ಎಂದೆ.

"ಅದಾ? ಹೊಲದಾಗೈತೆ ಕಣವ್ವ. ರಾಗಿಗೆ ಗುಬ್ಬಿ ಬೀಳ್ತವೆ ಅಂತ ಕಟ್ಟಿವ್ನಿ. ನೀನೇ ಕೊಟ್ಟಿದ್ದಲ್ವಾ ನಾಕು, ಕೆಲ್ಸಕ್ ಬರಲ್ಲ ಅಂತ? ನಡೂಕ್ ಒಂದ್ ಕಟ್ಟಿದ್ಮೇಲೆ ಇನ್ನೊಂದ್ ಮೂಲೆಗೆ ಸಾಲ್ನಿಲ್ಲ."

ನಿಜ. ಹಾಳಾದ ಸಿ.ಡಿ.ಗಳನ್ನು ನಮ್ಮ ಕೇಂದ್ರದಿಂದ ಸುತ್ತಲಿನ ಹೊಲದವರಿಗೆ ನಾನೇ ಹಂಚುತ್ತಿದ್ದೆ. ಆದರೆ ಇದು ಹಾಳಾದದ್ದಲ್ಲವಲ್ಲ ಎಂದೆ.

"ಒಳಗಿಂದೆಲ್ಲಾ ಅವತ್ತೇ ಕಂಪ್ಯೂಟ್ರಿಗೆ ಸುರುದ್ಬುಟ್ರಲ್ಲ ನೀವು. ಆಮೇಲೆ ಅದು ಖಾಲಿ ತಟ್ಟೆ ತಾನೆ? ಖಾಲಿ ತಟ್ಟೆಗೆ ಯಾರಾದ್ರೂ ಬೀಗ ಹಾಕ್ತಾರಾ?"

ಯೋಗಾನಂದರು ನಕ್ಕುಬಿಟ್ಟರು. ನಾನು ನಗಲಿಲ್ಲ. ಸುರಿದ ಮೇಲೂ ತುಂಬಿಯೇ ಇರುವ ಪಾತ್ರೆಯನ್ನು ಆಕೆಗೆ ಯಾವ ಮಾತಿನಲ್ಲಿ ವಿವರಿಸಬೇಕೆಂದು ನನಗೆ ತಿಳಿಯಲಿಲ್ಲ. ಅದೊಂದು ಅದ್ಭುತವೆಂಬುದು ಅಲ್ಲಿಯವರೆಗೆ ನನಗೇ ಹೊಳೆದಿರಲಿಲ್ಲ.

ಹೊಲದ ಈಶಾನ್ಯ ಮೂಲೆಯ ಬಿದಿರಿನ ಗಳುವಿಗೆ ಸೆಣಬಿನ ದಾರದಲ್ಲಿ ಅದು ತಿರುಗುತ್ತಿತ್ತು. ಎರಡು ತಿಂಗಳ ಬಿಸಿಲಿಗೆ ಮೇಲಿನ ಅಚ್ಚು ಮಾಸಿತ್ತು. ಬಿಸಿಲಿನ ಚಿಂತೆ ನನಗಿರಲಿಲ್ಲ: ನಾವು ಮನೆಯಲ್ಲಿ ಬರೆದುಕೊಳ್ಳುವ ಸಿ.ಡಿ.ಯಲ್ಲಿ ಬಣ್ಣದ ಪದರವಿರುತ್ತದೆ, ಅದು ಬಿಸಿಲಿಗೆ ಸಾಯುತ್ತದೆ. ಕಾರ್ಖಾನೆಯಲ್ಲಿ ಒತ್ತಿದ ತಟ್ಟೆಯಲ್ಲಿರುವುದು ಗುಳಿಗಳು, ಬಿಸಿಲು ಅವನ್ನು ಅಳಿಸದು. ಆದರೆ ಗಾಳಿಗೆ ಗಳುವಿಗೆ ತಾಗಿ ತಾಗಿ ಹೊಳೆಯುವ ಬದಿಯಲ್ಲಿ ಗೀರುಗಳೆದ್ದಿದ್ದವು. ಕೇಂದ್ರದ ಮೂರು ಕಂಪ್ಯೂಟರುಗಳಲ್ಲಿ ಹಾಕಿ ನೋಡಿದೆ. ಮೂರೂ ಅದನ್ನು ಹೊರಗೆ ತಳ್ಳಿದವು.

ಯೋಗಾನಂದರು ತಟ್ಟೆಯನ್ನು ಕೈಗೆ ತೆಗೆದುಕೊಂಡು ಉಗುರಿನ ಅಂಚನ್ನು ನಿಧಾನವಾಗಿ ಎಳೆದರು. ಹನ್ನೊಂದು ಗೀರು ಎಂದರು. ಅವುಗಳಲ್ಲಿ ಒಂದು ಆಳ, ಬಾಗಿದೆ, ಹೊರ ಅಂಚಿಗೆ ಹತ್ತಿರ. ನಾನು ಭೂತಗನ್ನಡಿಯಲ್ಲಿ ಎಣಿಸಿದೆ. ಹನ್ನೊಂದೇ.

ಮೆರುಗು ಕೊಡುವವರು ಯಾರು ಎಂದು ಯೋಚಿಸಿದಾಗ ಹಾಜಿರಾ ನೆನಪಾದರು. ಚನ್ನಪಟ್ಟಣದ ಅವರು ಬೆಳಗಿನ ತರಗತಿಯ ನನ್ನ ವಿದ್ಯಾರ್ಥಿನಿ. ಉಳಿದ ಹೊತ್ತೆಲ್ಲ ಗರಗರ ತಿರುಗುವ ಚರಕಿ ಯಂತ್ರದಲ್ಲಿ ಮರದ ಬೊಂಬೆಗಳಿಗೆ ಅರಗಿನ ಬಣ್ಣ ಹಚ್ಚಿ ಮೆರುಗು ತರುವವರು. ಮರುದಿನ ಮೂವರೂ ಅವರ ಮನೆಯ ಜಗುಲಿಯಲ್ಲಿ ಕುಳಿತೆವು. ಅವರು ತಟ್ಟೆಯನ್ನು ಬೆಳಕಿಗೆ ಹಿಡಿದು, ಯಂತ್ರಕ್ಕೆ ಸಿಕ್ಕಿಸಿದರೆ ಐದು ನಿಮಿಷದ ಕೆಲಸ ಎಂದರು. ನಾನು ತಡೆದೆ. ಈ ತಟ್ಟೆಯಲ್ಲಿರುವುದು ಒಂದೇ ಒಂದು ದಾರಿ. ನಡುವಿನಿಂದ ಹೊರಟು ಸುತ್ತುತ್ತಾ ಅಂಚಿನವರೆಗೆ, ಬಿಚ್ಚಿ ಹಾಸಿದರೆ ಐದು ಕಿಲೋಮೀಟರಿಗೂ ಉದ್ದ. ದಾರಿಗೆ ಅಡ್ಡಲಾಗಿ ಬಿದ್ದ ಸಣ್ಣ ಗೀರನ್ನು ತಟ್ಟೆ ಓದುವ ಲೇಸರ್ ಬೆಳಕು ದಾಟಿಬಿಡುತ್ತದೆ, ಉದ್ದಕ್ಕೂ ಬಿದ್ದ ಗೀರಿನಲ್ಲಿ ದಾರಿಯನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ಸುತ್ತಲೂ ಉಜ್ಜಬಾರದು. ನಡುವಿನಿಂದ ಹೊರಕ್ಕೆ, ನೇರವಾಗಿ ಉಜ್ಜಬೇಕು.

"ಹದಿನೈದ್ ವರ್ಷ ಆಯ್ತು ಮಿಸ್, ಈ ಕೈ ಸುತ್ತೋದು ಬಿಟ್ರೆ ಬೇರೆ ಕಲ್ತಿಲ್ಲ," ಎಂದು ಹಾಜಿರಾ ತಮ್ಮ ಬಲಗೈಯನ್ನೇ ನೋಡಿಕೊಂಡರು.

ನಾನು ತಂದಿದ್ದ ಹಲ್ಲುಪುಡಿಯನ್ನು ಎರಡು ಬೆರಳ ನಡುವೆ ತಿಕ್ಕಿ, ಇದರಲ್ಲಿ ಮರಳಿದೆ ಎಂದು ಪಕ್ಕಕ್ಕಿಟ್ಟರು. ಸೀಮೆಸುಣ್ಣವನ್ನು ಅರೆದು, ಬಟ್ಟೆಯಲ್ಲಿ ಎರಡು ಸಲ ಸೋಸಿ, ನೀರಿನಲ್ಲಿ ಕಲಸಿದರು. ಹಳೆಯ ಮೆತ್ತನೆಯ ಬಟ್ಟೆಯಲ್ಲಿ ಆರಂಭಿಸಿದರು. ಮೊದಮೊದಲು ಕೈ ಬಾಗುತ್ತಿತ್ತು. ಬಾಗಿದಾಗಲೆಲ್ಲ ಬಟ್ಟೆಯ ಸದ್ದು ಕೇಳಿಯೇ ಯೋಗಾನಂದರು "ಸುತ್ತುತ್ತಾ ಐತೆ" ಎನ್ನುತ್ತಿದ್ದರು. ಹಾಜಿರಾ ನಕ್ಕು ಕೈ ತಿದ್ದಿಕೊಳ್ಳುತ್ತಿದ್ದರು. ಒಂದು ಗಂಟೆ ಇಪ್ಪತ್ತು ನಿಮಿಷ ಹೀಗೆ ನಡೆಯಿತು. ಆಗಾಗ ತಟ್ಟೆ ತೊಳೆದು ಯೋಗಾನಂದರ ಕೈಗಿಡುವುದು, ಅವರು ಉಗುರು ಎಳೆದು ಉಳಿದ ಗೀರುಗಳನ್ನು ಎಣಿಸುವುದು. ಏಳು. ನಾಲ್ಕು. ಕಣ್ಣಿದ್ದೂ ಅಲ್ಲಿ ಕೆಲಸವಿಲ್ಲದೆ ಕುಳಿತಿದ್ದವಳು ನಾನೊಬ್ಬಳೇ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಿರಿದಾದ ಗುಳಿಗಳ ಮೇಲೆ ಬೊಂಬೆ ಮಾಡುವ ಒಂದು ಕೈ ಹೋಗಿ ಬರುತ್ತಿತ್ತು. ಇನ್ನೊಂದು ಕೈ ಅದನ್ನು ಅಳೆಯುತ್ತಿತ್ತು. ಯಾವ ಪ್ರಯೋಗಾಲಯದಲ್ಲೂ ನಾನು ಇಂಥದ್ದನ್ನು ಕಂಡಿರಲಿಲ್ಲ.

"ಒಂದ್ ಉಳ್ದೈತೆ," ಎಂದರು ಯೋಗಾನಂದರು ಕೊನೆಗೆ. "ಅದು ಹೋಗಲ್ಲ. ಸಾಕು ತಾಯಿ, ಕೈ ನೋಯ್ತದೆ."

ಆ ಸಂಜೆ ಕೈಲಾಂಚದಲ್ಲಿ ತಟ್ಟೆಯನ್ನು ಯಂತ್ರಕ್ಕೆ ಹಾಕಿದೆ. ಅದು ತಿರುಗಿತು, ನಿಂತಿತು, ಮತ್ತೆ ತಿರುಗಿತು. ಹೊರಗೆ ಬರಲಿಲ್ಲ. ಮೊದಲು ನಕಲು, ಆಮೇಲೆ ಉಳಿದದ್ದು ಎಂದು ನಿಶ್ಚಯಿಸಿದ್ದೆ. ಶೇಕಡಾ ಎಪ್ಪತ್ತೆಂಟರವರೆಗೆ ಸರಾಗವಾಗಿ ನಡೆದು, ಅಲ್ಲಿ ಹದಿನಾಲ್ಕು ನಿಮಿಷ ಅಲುಗಾಡದೆ ನಿಂತಿತು. ಉಳಿದ ಆ ಒಂದು ಗೀರು. ಯೋಗಾನಂದರು ಯಂತ್ರದ ಮೇಲೆ ಅಂಗೈಯಿಟ್ಟು ಕುಳಿತಿದ್ದರು. ಬೆಳಕು ಹೋಗುತ್ತಿದೆ, ಬರುತ್ತಿದೆ, ಬಿಡುತ್ತಿಲ್ಲ ಎಂದು ನನಗೆ ವರದಿ ಕೊಡುತ್ತಿದ್ದರು. ಆಮೇಲೆ ಎಪ್ಪತ್ತೊಂಬತ್ತು. ಆಮೇಲೆ ನೂರು.

ಹೊಸ ತಟ್ಟೆಯ ಮೇಲೆ ಪರವಾನಗಿ ಸಂಖ್ಯೆ, ದಿನಾಂಕ, 'ರಕ್ಷಣಾ ಪ್ರತಿ, ಮೂಲ ಪ್ರತಿಯಿಂದ' ಎಂದು ಬರೆದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ದೊಡ್ಡಲಕ್ಷ್ಮಮ್ಮ, ಇನ್ನೊಂದು ನಕಲು ತೆಗೆದರೆ ಹೊಲದ ಮೂಲೆಗಾಗುತ್ತಿತ್ತು ಎಂದರು.

"ಗುಬ್ಬಿ ಓಡ್ಸಕ್ಕೆ ಲೈಸೆನ್ಸ್ ಇಲ್ಲ ಕಣವ್ವಾ," ಎಂದರು ಮಗ. ನಾಳೆಯೇ ಬೇರೆ ತಟ್ಟೆ, ನಿಜವಾಗಿಯೂ ಖಾಲಿಯಾದದ್ದನ್ನು ತರುವುದಾಗಿ ನಾನು ಮಾತು ಕೊಟ್ಟೆ.

ಬಳಿಕ ಸಾಫ್ಟ್‌ವೇರನ್ನು ಹಾಕಲು ಆರಂಭಿಸಿದೆ. ಕಾಣದವರಿಗಾಗಿ ಮಾಡಿದ ಸಾಧನವಾದ್ದರಿಂದ ಅದು ಮೊದಲ ಹೆಜ್ಜೆಯಿಂದಲೇ ಮಾತಾಡುತ್ತದೆ. ಎರಡು ತಿಂಗಳು ರಾಗಿಯ ಮೇಲೆ ಗಾಳಿಯಲ್ಲಿ ತಿರುಗಿದ್ದ ದನಿ, ಸ್ವಲ್ಪವೂ ಬದಲಾಗದೆ, ಕೋಣೆಯನ್ನು ತುಂಬಿತು. ದೊಡ್ಡಲಕ್ಷ್ಮಮ್ಮ ಕೈ ಮುಗಿದರು. ದನಿ ಮೊದಲು ಓದತೊಡಗಿದ್ದು ಪರವಾನಗಿಯನ್ನು. ನಾನು ಅಭ್ಯಾಸಬಲದಿಂದ 'ಒಪ್ಪಿದ್ದೇನೆ' ಗುಂಡಿಯತ್ತ ಕೈ ನೀಡಿದೆ.

"ತಡೀರಿ ಮೇಡಂ," ಎಂದರು ಯೋಗಾನಂದರು. "ಪೂರ್ತಿ ಕೇಳ್ತೀನಿ."

ಎಂಟು ಪುಟಗಳನ್ನು ಅವರು ತಲೆ ಬಾಗಿಸಿ ಕೇಳಿದರು. ಮುಗಿದ ಮೇಲೆ ಕೀಲಿಮಣೆಯನ್ನು ತಡವಿ, ಗುಂಡಿಯನ್ನು ತಾವೇ ಒತ್ತಿದರು. ಅನಂತರ ಟಿಪ್ಪಣಿಗಳ ಒಂದನೆಯ ಪುಟ ತೆರೆಯಲು ಹೇಳಿದರು. ಪರೀಕ್ಷೆಗೆ ಇನ್ನೂ ಏಳು ದಿನಗಳಿದ್ದವು.