ವಾಷರಿಗೆ ಸುರಿದ ಹುಳುಮನೆ ನೀರು

ರಾಮನಗರದಲ್ಲಿ ಗಾಡಿಗಳಿಗೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಕೊಡುವ ಮೈದಾನದಲ್ಲಿ ನನ್ನ ವ್ಯಾನಿನ ಸರದಿ ಬಂತು. ಹಾರನ್ ಕೇಳಿದರು, ಬಾರಿಸಿದೆ. ಲೈಟು ಕೇಳಿದರು, ಹಾಕಿದೆ. "ಗಾಜಿಗೆ ನೀರು ಹೊಡೀರಿ, ನೋಡೋಣ" ಅಂದರು ಇನ್ಸ್‌ಪೆಕ್ಟರ್. ಸ್ಟೀರಿಂಗ್ ಪಕ್ಕದ ಕಡ್ಡಿ ಎಳೆದೆ. ನೀರು ಬರಲಿಲ್ಲ. ಅದು ಹಾಳಾಗಿ ಹೋಗಲಿ, ಅಲ್ಲಿಯವರೆಗೆ ಚೆನ್ನಾಗಿ ಆಡುತ್ತಿದ್ದ ವೈಪರ್ ಕೂಡ ಗಾಜಿನ ನಡುವೆಯೇ ನಿಂತುಬಿಟ್ಟಿತು.

"ಸೈಡಿಗೆ ಹಾಕಿ ರಿಪೇರಿ ಮಾಡ್ಕೊಳ್ಳಿ. ನಾನು ಊಟಕ್ಕೆ ಏಳೋದ್ರೊಳಗೆ ತೋರಿಸಿದ್ರೆ ಸರಿ. ಆಮೇಲೆ ಮೀಟಿಂಗ್ ಇದೆ, ಫೇಲ್ ಅಂತಲೇ ಬರೀಬೇಕಾಗುತ್ತೆ."

ಹೋದ ಸಲ ಹ್ಯಾಂಡ್ ಬ್ರೇಕ್ ಹಿಡಿಯದೆ ಫೇಲಾದಾಗ, ನನ್ನ ಗಂಡ ಕೆಂಪರಾಜು ಬೈರಾಪಟ್ಟಣದ ನಮ್ಮ ಮನೆಯ ಜಗುಲಿಯಲ್ಲಿ ಅತ್ತೆಯ ಎದುರಿಗೇ ನನ್ನಿಂದ ಮಾತು ತೆಗೆದುಕೊಂಡಿದ್ದರು. ಇನ್ನೊಂದು ಸಲ ಫೇಲಾದರೆ ವ್ಯಾನು ಮಾರುವುದು, ನಾನು ಹುಳುಮನೆಗೆ ವಾಪಸಾಗುವುದು. ರೇಷ್ಮೆ ಹುಳುವಿಗೆ ಸೊಪ್ಪು ಹಾಕುವುದು ಕೀಳು ಕೆಲಸವೆಂದು ನಾನು ಹೇಳುವುದಿಲ್ಲ, ಮದುವೆಯಾದಾಗಿನಿಂದ ಮಾಡಿದ್ದೇನೆ. ಆದರೆ ಹಾರೋಹಳ್ಳಿ ಫ್ಯಾಕ್ಟರಿಗೆ ಹೆಂಗಸರನ್ನು ತುಂಬಿಕೊಂಡು ಹೋಗುವಾಗ ಸ್ಟೀರಿಂಗ್ ಹಿಡಿದವಳು ನಾನು. ಅದನ್ನು ಬಿಡುವುದು ನನಗೆ ಸುತರಾಂ ಇಷ್ಟವಿರಲಿಲ್ಲ.

ಇವತ್ತು ಕರೆಯದಿದ್ದರೂ ಇವರು ಜೊತೆಗೆ ಬಂದಿದ್ದರು. ಫೇಲಾಗುವುದನ್ನು ಕಣ್ಣಾರೆ ನೋಡಬೇಕಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ.

ವ್ಯಾನನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿ ಫ್ಯೂಸ್ ಡಬ್ಬಿ ತೆರೆದೆ. ವೈಪರಿಗೂ ಗಾಜಿಗೆ ನೀರು ಚಿಮ್ಮಿಸುವ ವಾಷರಿಗೂ ಒಂದೇ ಫ್ಯೂಸು, ಸುಟ್ಟಿತ್ತು. ಹೊಸದು ಹಾಕಿದೆ, ವೈಪರ್ ಓಡಿತು. ನೀರಿನ ಕಡ್ಡಿ ಎಳೆದೆ, ಆ ಫ್ಯೂಸೂ ಹೋಯಿತು.

"ವೈಪರ್ ಮೋಟ್ರೇ ಹೋಗೈತೆ ಕಣೇ" ಅಂದರು ಇವರು.

"ವೈಪರ್ ನೆಟ್ಟಗೆ ಓಡ್ತಲ್ರೀ. ನೀರು ಬುಟ್ಟಾಗ ತಾನೇ ಫ್ಯೂಸ್ ಹೋಗದು? ಒಸಿ ಸುಮ್ನಿರಿ."

ಮುಂದಿನ ಬಂಪರಿನೊಳಗೆ ಕೈ ತೂರಿಸಿ ವಾಷರ್ ಮೋಟಾರಿನ ಪ್ಲಗ್ಗು ಕಿತ್ತೆ. ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಕಟ್ಟಿದ್ದು ನನ್ನ ಬಳಿ ಯಾವಾಗಲೂ ಇರುತ್ತದೆ. ಅದನ್ನು ಪ್ಲಗ್ಗಿನ ಎರಡೂ ಪಿನ್ನಿಗೆ ಹಿಡಿದೆ. ಇನ್ನೊಂದು ಫ್ಯೂಸು ಹಾಕಿ, "ಎಳೀರಿ ಕಡ್ಡಿಯ" ಎಂದೆ. ಇವರು ಒಳಗೆ ಕೂತು ಎಳೆದರು. ಬಲ್ಬು ಝಗ್ಗೆಂದು ಉರಿಯಿತು, ಫ್ಯೂಸು ಹೋಗಲಿಲ್ಲ. ಅಂದರೆ ಸ್ವಿಚ್ಚು ಸರಿ, ಕರೆಂಟು ಸರಿ, ಅರ್ಥಿಂಗೂ ಸರಿ. ಕೆಟ್ಟಿದ್ದು ಮೋಟಾರು.

ಬಂಪರು ಬಿಚ್ಚಿ, ನೀರಿನ ಡಬ್ಬಿಯ ಬುಡದಿಂದ ಮೋಟಾರು ಕಿತ್ತಾಗ ಅಂಗೈ ತುಂಬ ನೀರು ಸುರಿಯಿತು. ಸುಣ್ಣದಂಥ ಬಿಳಿ ಗಸಿ. ಮೋಟಾರಿನ ಪಿನ್ನುಗಳು ಹಸಿರುಗಟ್ಟಿ ತಿಂದುಹೋಗಿದ್ದವು. ಕೈಯನ್ನು ಮೂಗಿಗೆ ಹಿಡಿದೆ. ಆ ಘಾಟು ನನಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? ಪ್ರತಿ ಬೆಳೆ ಮುಗಿದ ಮೇಲೆ ಹುಳುಮನೆ ತೊಳೆಯುವ ಬ್ಲೀಚಿಂಗ್ ಪೌಡರ್ ನೀರು.

"ಏನ್ರೀ ಹಾಕಿದ್ರಿ ಇದ್ಕೆ?"

ಇವರು ತಲೆ ಕೆರೆದುಕೊಂಡರು. "ಹುಳುಮನೆ ತೊಳ್ದು ಉಳ್ದಿತ್ತು. ಗಾಜ್ ಮ್ಯಾಲೆ ಅಂಟಿರೋ ಹುಳ ಹುಪ್ಪಟೆಯ ನೀನು ದಿನಾ ಸೆರಗಲ್ಲಿ ಉಜ್ತಿದ್ದೆ. ಇದಾದ್ರೆ ಚೆಂದಾಗ್ ಬುಡಿಸ್ತದೆ ಅಂತ ಉಯ್ದೆ."

"ಸುಳ್ಳು! ವ್ಯಾನ್ ಮಾರ್ಸಕ್ಕೆ ಮಾಡಿರೋ ಕೆಲ್ಸ ಇದು."

ಸಾಲಿನಲ್ಲಿದ್ದ ಡ್ರೈವರುಗಳೆಲ್ಲ ತಿರುಗಿ ನೋಡಿದರು. ನೋಡಲಿ ಬಿಡು ಎಂದುಕೊಂಡೆ. ಇವರು ದನಿ ಏರಿಸಲಿಲ್ಲ.

"ನೀನು ಮನೇಲಿರ್ಬೇಕು ಅಂತ ನಂಗೆ ಆಸೆ ಐತೆ, ಇಲ್ಲ ಅನ್ನಕಿಲ್ಲ. ಒಬ್ನೇ ಸೊಪ್ಪು ಹಾಕಿ ಹಾಕಿ ಸಾಕಾಗೈತೆ ಕಣೇ. ಆದ್ರೆ ಅದ್ಕೆ ಉಯ್ಲಿಲ್ಲ." ಕೆಟ್ಟ ಮೋಟಾರನ್ನು ಟವೆಲಿನಲ್ಲಿ ಸುತ್ತಿಕೊಂಡರು. "ಇಂಥದ್ದೇ ತಾನೇ ಬೇಕಿರಾದು? ತತ್ತೀನಿ."

ಬಂಪರು ಬಿಚ್ಚಿಟ್ಟ ವ್ಯಾನು ಬಿಟ್ಟು ನಾನು ಹೋಗುವ ಹಾಗಿರಲಿಲ್ಲ. ಇವರು ಆಟೋ ಹತ್ತಿದ್ದೇ ನನಗೆ ಹೊಳೆಯಿತು: ಎಂಥ ದಡ್ಡಿ ನಾನು! ಎಲ್ಲಾದರೂ ಟೀ ಕುಡಿಯುತ್ತ ಕೂತು, ಇನ್ಸ್‌ಪೆಕ್ಟರ್ ಎದ್ದ ಮೇಲೆ ಬಂದು "ಸಿಕ್ಲಿಲ್ಲ" ಅಂದರೆ ಮುಗಿಯಿತು. ಜಗಳಕ್ಕೂ ಜಾಗವಿಲ್ಲ.

ಫೋನು ಮಾಡಿದೆ. ವ್ಯಾನಿನ ಸೀಟಿನ ಮೇಲೆಯೇ ರಿಂಗಾಯಿತು. ಬಿಟ್ಟು ಹೋಗಿದ್ದಾರೆ. ಬೇಕೆಂದೇ ಇರಬೇಕು. ಡಬ್ಬಿ ತೊಳೆದೆ, ಮತ್ತೆ ತೊಳೆದೆ. ಪ್ಲಗ್ಗಿನ ಪಿನ್ನುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿದೆ. ಗೇಟಿನವರೆಗೆ ಹೋದೆ, ಬಂದೆ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಸಾಲಿನ ಗಾಡಿಗಳು ಒಂದೊಂದೇ ಖಾಲಿಯಾಗುತ್ತಿದ್ದವು. ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿ ಇತ್ತ ನೋಡಿದರು.

"ಏನಮ್ಮ ಲತಾಮಣಿ, ಆಯ್ತಾ?"

"ಬಂದ್ರು ಸಾರ್, ಬಂದೇ ಬುಟ್ರು" ಎಂದು ಸುಳ್ಳು ಹೇಳಿದೆ. ಗೇಟಿನಲ್ಲಿ ನರಪಿಳ್ಳೆಯೂ ಇರಲಿಲ್ಲ.

ಅವರು ಕೈ ತೊಳೆಯಲು ನಲ್ಲಿಯ ಕಡೆ ಹೋದರು. ಅಷ್ಟರಲ್ಲಿ ಕೆಂಪರಾಜು ಓಡಿ ಬಂದರು. ಅಂಗಿಯೆಲ್ಲ ಗ್ರೀಸು, ಬೆರಳು ಕುಯ್ದು ರಕ್ತ, ಟವೆಲಿನಲ್ಲಿ ಬೇರೆ ಮೋಟಾರು.

"ಅಂಗಡೀಲೆಲ್ಲೂ ಇರ್ಲಿಲ್ಲ. ಮಕ್ಬೂಲನ ಗುಜರೀಲಿ ಇಂಥದೇ ಗಾಡಿ ಒಂದು ಬಿದ್ದಿತ್ತು. ಅದ್ರಿಂದ ಕಿತ್ಕೊಂಡೆ. ಅಲ್ಲೇ ಬ್ಯಾಟ್ರಿಗೆ ಹಿಡ್ದು ಓಡ್ಸಿ ನೋಡಿವ್ನಿ, ಹಾಕು, ಹಾಕು!"

ಮೋಟಾರು ಕೂರಿಸಿ ಪ್ಲಗ್ಗು ಒತ್ತಿದೆ. ಇವರು ಡಬ್ಬಿಗೆ ನಲ್ಲಿ ನೀರು ತುಂಬಿದರು. ಕಡ್ಡಿ ಎಳೆದೆ. ನೀರು ಗಾಜನ್ನೂ ದಾಟಿ, ಕೈ ಒರೆಸಿಕೊಳ್ಳುತ್ತ ಬಂದ ಇನ್ಸ್‌ಪೆಕ್ಟರ್ ಮೈಮೇಲೆ ನಾಲ್ಕು ಹನಿ ಬಿತ್ತು. ವೈಪರ್ ಎರಡು ಸಲ ಆಡಿತು. ಫ್ಯೂಸು ಹೋಗಲಿಲ್ಲ.

"ಸಾಕಮ್ಮಾ, ಸಾಕು. ಪಾಸ್."

ಬಂಪರು ಬಿಗಿದು ಇಬ್ಬರೂ ವ್ಯಾನಿನಲ್ಲಿ ಕೂತೆವು. ಸುಮ್ಮನಿರಲು ನನ್ನಿಂದಾಗಲಿಲ್ಲ.

"ಸಿಕ್ಲಿಲ್ಲ ಅಂತ ಬಂದಿದ್ರೆ ನಾನೇನು ಮಾಡಕಾಯ್ತಿತ್ತು?"

ಇವರು ಬೆರಳಿಗೆ ಬಟ್ಟೆ ಸುತ್ತುತ್ತಿದ್ದರು. "ಗುಜರಿ ಬಾಗ್ಲಲ್ಲಿ ನಂಗೂ ಅದೇ ತಲೆಗೆ ಬಂತು. ಒಸಿ ಹೊತ್ತು ನಿಂತೇ ಇದ್ದೆ. ಆಮ್ಯಾಕೆ ಸ್ಪ್ಯಾನರ್ ಇಸ್ಕೊಂಡೆ."

ನಾಳೆ ನಾನು ಹಾರೋಹಳ್ಳಿಗೆ ಹೋಗುತ್ತೇನೆ, ಇವರು ಒಬ್ಬರೇ ಸೊಪ್ಪು ಹಾಕುತ್ತಾರೆ. ಗೆದ್ದವಳು ನಾನೇ. ಆದರೂ ದುಃಖ ಒತ್ತರಿಸಿ ಬಂದು, ಗೇರು ಹಾಕಲು ಕೈಯೇ ಏಳಲಿಲ್ಲ.